ಅಕ್ಕನ ಕಣ್ಣು ಪರೀಕ್ಷೆ

ಡೊಂಬಿವಲಿಯಲ್ಲಿ ನಮ್ಮ ದೊಡ್ಡಪ್ಪನ ಗುರುತಿಲ್ಲದ ಮೆಡಿಕಲ್ ಶಾಪೇ ಇರಲಿಲ್ಲ ಮಾರಾಯ್ರೆ. ಸ್ಟೇಷನ್ ಹತ್ತಿರದ ಅಂಗಡಿಯವರು ಶನಿವಾರದ ಭಜನೆಗೆ ತಾಳ ಹಾಕುವವರು. ಮಾರ್ಕೆಟಿನವರು ನಮ್ಮ ಕುಂದಾಪುರದ ಕಡೆಯವರು. ಅದರಾಚೆಯ ಗುಜರಾತಿಗೆ ದೊಡ್ಡಪ್ಪನ ಹೋಟೆಲಿನಿಂದಲೇ ಚಾ. ಅಕ್ಕ ತಲೆನೋವಿನ ಮಾತ್ರೆ ತಂದರೂ ಅವಳು ಮನೆ ಮುಟ್ಟುವ ಮೊದಲೇ ದೊಡ್ಡಮ್ಮ ಕಷಾಯಕ್ಕೆ ನೀರಿಟ್ಟಿರುತ್ತಿದ್ದರು.

ಹಾಗಿರುವಾಗ ಮದುವೆಯಾಗದ ಹುಡುಗಿ ಬಸಿರು ತಡೆಯುವ ಮಾಲಾ-ಡಿ ಗುಳಿಗೆ ಎಲ್ಲಿಂದ ತರುವುದು? ಟಿವಿಯಲ್ಲಿ ಅದರ ಜಾಹೀರಾತು ಬಂದರೆ ದೊಡ್ಡಪ್ಪ ಎದ್ದು ಹೋಗಿ ಬಾಲ್ಕನಿಯ ತುಳಸಿಗೆ ನೀರು ಹಾಕುತ್ತಿದ್ದರು, ಮಳೆಗಾಲದಲ್ಲೂ! ಅಕ್ಕನಿಗೆ ಫೋರ್ಟಿನ ಆಫೀಸಿನಲ್ಲಿ ಒಬ್ಬ ಹುಡುಗನಿದ್ದ. ಮುಂದೆ ಅವನೇ ನಮ್ಮ ಭಾವ ಆದದ್ದು, ಆ ಕತೆ ಬೇರೆ.

ಪರೇಲಿನಲ್ಲಿ ಒಬ್ಬರು ಡಾಕ್ಟರಮ್ಮ ಇದ್ದಾರೆಂದು ಯಾರು ಹೇಳಿದ್ದೋ ನೆನಪಿಲ್ಲ. ಜೊತೆಗೆ ಬಾ ಎಂದು ಅಕ್ಕ ನನ್ನನ್ನು ಎಳೆದುಕೊಂಡು ಹೋದಳು. ಆಗ ನಾನಿನ್ನೂ ಕಾಲೇಜು. ಕೊಡೆ ಉಲ್ಟಾ ಹೊಡೆಯುವಂಥ ಮಳೆ. ಡಾಕ್ಟರಮ್ಮ ಬಿಳಿ ಕೂದಲಿನ ಮರಾಠಿ ಹೆಂಗಸು. ಮದುವೆಯಾಗಿದೆಯಾ ಎಂದು ಕೇಳಲಿಲ್ಲ. ಬಿಪಿ ನೋಡಿದರು. ಅರೆತಲೆನೋವು ಉಂಟಾ, ಮನೆಯಲ್ಲಿ ಯಾರಿಗಾದರೂ ರಕ್ತ ಹೆಪ್ಪುಗಟ್ಟಿದ್ದುಂಟಾ ಎಂದು ವಿಚಾರಿಸಿದರು. ವಾರಕ್ಕೊಂದು ನುಂಗುವ ಸಹೇಲಿಯೂ ಉಂಟು, ಮೊದಲ ಮೂರು ತಿಂಗಳು ಮಾತ್ರ ವಾರಕ್ಕೆರಡು ಎಂದರು. ಏಕಾದಶಿ ಯಾವತ್ತೆಂದೇ ನೆನಪಿಡದ ಅಕ್ಕ, ‘ದಿನಾ ನುಂಗುವುದೇ ಕೊಡಿ’ ಎಂದಳು.

ಅಕ್ಕ ತಲೆ ಎತ್ತದೆ ಕೂತದ್ದು ನೋಡಿ ಅವರಿಗೆ ನಗು. ಇದೇ ಮುಂಬಯಿಯಲ್ಲಿ ರ.ಧೋಂ. ಕರ್ವೆ 1921ರಲ್ಲೇ ಸಂತತಿ ನಿಯಂತ್ರಣದ ಕ್ಲಿನಿಕ್ ತೆರೆದಿದ್ದರು, ಇದರ ಹಿಂದೆ ಬಿದ್ದು ಕಾಲೇಜಿನ ಗಣಿತದ ಮೇಷ್ಟ್ರ ಕೆಲಸವನ್ನೂ ಕಳಕೊಂಡರು ಎಂದು ಹೇಳಿದರು. ಕರ್ವೆಯ ‘ಸಮಾಜ ಸ್ವಾಸ್ಥ್ಯ’ ಪತ್ರಿಕೆಯ ಮೇಲೆ ಅಶ್ಲೀಲದ ಕೇಸು ಬಿದ್ದಾಗ ಕೋರ್ಟಿನಲ್ಲಿ ವಾದಿಸಿದವರು ಅಂಬೇಡ್ಕರ್ ಎಂದು ಆಮೇಲೆ ಎಲ್ಲೋ ಓದಿದೆ. ನಮ್ಮವರೇನು ಕಡಿಮೆಯೇ? ಮೈಸೂರು ಸಂಸ್ಥಾನ 1930ರಲ್ಲೇ ಸರಕಾರಿ ಆಸ್ಪತ್ರೆಗಳಲ್ಲಿ ಇಂಥ ಕ್ಲಿನಿಕ್ ತೆರೆಯಲು ಹುಕುಂ ಹೊರಡಿಸಿತ್ತು. ಅರಸರಿಗೆ ಇಲ್ಲದ ನಾಚಿಕೆ ನಮ್ಮ ಬಿಲ್ಡಿಂಗಿಗೆ ಇತ್ತು, ಅಷ್ಟೆ.

ಪರೇಲಿನ ಮೆಡಿಕಲ್ ಶಾಪಿನ ಹುಡುಗ ‘ಮಾಲಾ-ಡಿ ನಿಕಾಲ್ ರೇ’ ಎಂದು ಒಳಗೆ ಕೂಗಿದಾಗ ಅಕ್ಕ ಕೊಡೆಯೊಳಗೆ ಮುಖ ಹುದುಗಿಸಿದಳು. ಹೊರಗೆ ಬಂದು ಬಿಸಿ ವಡಾಪಾವ್ ತಿಂದೆವು. ಹಸಿಮೆಣಸಿನ ಖಾರಕ್ಕೆ ಇಬ್ಬರ ಮೂಗಲ್ಲೂ ನೀರು.

ಸಾಯನ್-ಕುರ್ಲಾ ನಡುವೆ ಹಳಿಯ ಮೇಲೆ ನೀರು, ಟ್ರೈನು ನಿಂತೇ ಬಿಟ್ಟಿತು. ಲೇಡೀಸ್ ಡಬ್ಬಿಯಲ್ಲಿ ಒಬ್ಬಳು ಮಡಿಲಲ್ಲಿ ಮೆಂತೆಸೊಪ್ಪು ಬಿಡಿಸುತ್ತಿದ್ದಳು, ಮೀನಿನವಳು ಖಾಲಿ ಬುಟ್ಟಿಯ ಮೇಲೆ ಕೂತೇ ನಿದ್ದೆ. ಅಷ್ಟರಲ್ಲಿ ಹಿಂದಿನಿಂದ, ‘ಹೋ, ನೀವು ಇಲ್ಲಿ! ಪರೇಲಿನಲ್ಲಿ ಹತ್ತಿದ್ದಲ್ವಾ, ಆಸ್ಪತ್ರೆಗಾ?’ ನಮ್ಮ ಎದುರು ಮನೆಯ ಆಂಟಿ! ಅಕ್ಕ ಬ್ಯಾಗನ್ನು ಎದೆಗೊತ್ತಿಕೊಂಡು ಹೇಳಿದಳು, ‘ಕಣ್ಣು ತೋರಿಸ್ಲಿಕ್ಕೆ, ಆಂಟಿ.’

ಒಂದೇ ಕೋಣೆಯ ಮನೆ, ಅಡಗಿಸಲಿಕ್ಕೆ ಜಾಗವೆಲ್ಲಿ? ಇಪ್ಪತ್ತೆಂಟು ಗುಳಿಗೆಯ ಪಟ್ಟಿ (ಇಪ್ಪತ್ತೊಂದು ಬಿಳಿ, ಏಳು ಕಬ್ಬಿಣದ್ದು) ಆಫೀಸಿನ ಡ್ರಾವರಿನಲ್ಲೇ ಇರುತ್ತಿತ್ತು. ಶನಿವಾರ ಸಂಜೆ ಭಾನುವಾರದ್ದೊಂದನ್ನು ಕತ್ತರಿಯಿಂದ ಕತ್ತರಿಸಿ ರೈಲ್ವೆ ಪಾಸಿನ ಕವರಿಗೆ ತುರುಕಿ ತರುತ್ತಿದ್ದಳು. ಚೌತಿಯ ರಜೆಗೆ ಎರಡು.

ಆಂಟಿಯ ವರದಿ ದೊಡ್ಡಮ್ಮನಿಗೆ ಮರುದಿನವೇ ಮುಟ್ಟಿತು. ಅಲ್ಲಿಂದ ಶುರು ನೋಡಿ: ಕ್ಯಾರೆಟ್ ಪಲ್ಯ, ಕ್ಯಾರೆಟ್ ಕೋಸಂಬರಿ, ಬೆಳಿಗ್ಗೆ ಖಾಲಿ ಹೊಟ್ಟೆಗೆ ಕ್ಯಾರೆಟ್ ರಸ. ಮದುವೆಯಾಗಿ ಹೋಗುವವರೆಗೂ ಬಿಡಲಿಲ್ಲ. ಈಗ ಬಿಲ್ಡಿಂಗಿನಲ್ಲಿ ಅಕ್ಕನ ಪ್ರಾಯದವರೆಲ್ಲ ಕನ್ನಡಕ ಹಾಕಿದ್ದಾರೆ, ಅವಳಿಗೆ ಮಾತ್ರ ಇಲ್ಲ. ಅದು ತನ್ನ ಕ್ಯಾರೆಟ್ಟಿನಿಂದಲೇ ಎಂದು ದೊಡ್ಡಮ್ಮನ ವಾದ. ಅಕ್ಕನೂ ಹೌದೆನ್ನುತ್ತಾಳೆ.