ತಾನಾಗಿ ಏಳಲಾರದ ಯಂತ್ರ



2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅಂದಿನಿಂದ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲಿ ನನ್ನಿಂದ ವಿಜ್ಞಾನ, ಗಣಿತದ ಪಾಠ ಕೇಳಿದ ಹಲವರು ಒಂದೇ ಪ್ರಶ್ನೆಯನ್ನು ಕೇಳುತ್ತಿದ್ದಾರೆ: "ಸರ್, ಹಳೇ ಕಂಪ್ಯೂಟರ್ ಇನ್ನ ಗುಜರಿಗೆ ಹಾಕೋದೇ ಏನ್ರೀ?"

ಹಾಕಬೇಡಿ ಎಂಬುದು ನನ್ನ ಉತ್ತರ. ಹೆಬ್ಬೆರಳಿನಷ್ಟು ಉದ್ದದ ಒಂದು ಪೆನ್ ಡ್ರೈವ್ ಇದ್ದರೆ ಅಂತಹ ಅನೇಕ ಯಂತ್ರಗಳು ಇನ್ನೂ ಕೆಲವು ವರ್ಷ ದುಡಿಯಬಲ್ಲವು. ಅದನ್ನು ಸಿದ್ಧಪಡಿಸುವ ಕ್ರಮವನ್ನು ಇಲ್ಲಿ ಬರೆಯುತ್ತೇನೆ. ಆ ಕೆಲಸ ಮಾಡುತ್ತಾ ಮನಸ್ಸಿಗೆ ಬಂದ ಒಂದು ವಿಚಾರವನ್ನೂ ಬರೆಯುತ್ತೇನೆ. ನಾನು ಕ್ರೈಸ್ತನಾದ್ದರಿಂದ ಆ ವಿಚಾರವು ನನ್ನ ನಂಬಿಕೆಯ ಮಾತಿನಲ್ಲಿಯೇ ಬರುತ್ತದೆ. ನಿಮ್ಮಲ್ಲಿ ಹೆಚ್ಚಿನವರು ಕೊಟ್ಟೂರೇಶ್ವರನ ತೇರಿಗೆ ಹೋಗುವವರು, ಮೈಲಾರದ ಕಾರಣಿಕ ಕೇಳುವವರು, ಉಚ್ಚಂಗಿದುರ್ಗದ ಮೆಟ್ಟಿಲು ಹತ್ತುವವರು. ತರಗತಿಯಲ್ಲಿ ಒಂದೇ ಬೆಂಚಿನ ಮೇಲೆ ಕುಳಿತು ಪಾಠ ಕೇಳಿದಂತೆ ಇದನ್ನೂ ಕೇಳಿರಿ.

ಬೂಟ್ ಎಂದರೇನು?

ಉದ್ದನೆಯ ಬೂಟುಗಳ ಮೇಲ್ತುದಿಗೆ, ಕಾಲಿಗೇರಿಸುವಾಗ ಹಿಡಿದೆಳೆಯಲೆಂದು ಒಂದು ಪಟ್ಟಿಯನ್ನು ಹೊಲಿದಿರುತ್ತಾರೆ. ಅದಕ್ಕೆ ಬೂಟ್‌ಸ್ಟ್ರ್ಯಾಪ್ ಎಂದು ಹೆಸರು. ಒಬ್ಬನು ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದೆಳೆದುಕೊಂಡು ನೆಲದಿಂದ ಮೇಲೆದ್ದನಂತೆ ಎಂಬುದು ಇಂಗ್ಲಿಷಿನವರ ಒಂದು ತಮಾಷೆಯ ಮಾತು. ನ್ಯೂಟನ್ನನ ಮೂರನೆಯ ನಿಯಮ ಓದಿದ ನಿಮಗೆ ಅದು ಏಕೆ ಅಸಾಧ್ಯವೆಂದು ವಿವರಿಸಬೇಕಾಗಿಲ್ಲ. ಕೈ ಎಷ್ಟು ಬಲದಿಂದ ಮೇಲಕ್ಕೆಳೆಯುತ್ತದೆಯೋ ಅಷ್ಟೇ ಬಲದಿಂದ ಪಟ್ಟಿಯು ಕೈಯನ್ನು ಕೆಳಕ್ಕೆಳೆಯುತ್ತದೆ. ಮನುಷ್ಯ ಇದ್ದಲ್ಲಿಯೇ ಇರುತ್ತಾನೆ.

ಈ ಮಾತಿನಿಂದಲೇ ಕಂಪ್ಯೂಟರ್ ಲೋಕದ 'ಬೂಟ್' ಹುಟ್ಟಿತು. ಕಂಪ್ಯೂಟರಿನ ಗುಂಡಿ ಒತ್ತಿದ ಕ್ಷಣದಲ್ಲಿ ಅದರ ಮುಖ್ಯ ಸ್ಮೃತಿಯಲ್ಲಿ ಉಪಯೋಗಕ್ಕೆ ಬರುವಂಥದ್ದು ಏನೂ ಇರುವುದಿಲ್ಲ. ಕೆಲಸ ಮಾಡಬೇಕಾದರೆ ಡಿಸ್ಕಿನಿಂದ ಕಾರ್ಯಾಚರಣ ವ್ಯವಸ್ಥೆಯನ್ನು ಓದಿಕೊಳ್ಳಬೇಕು. ಆದರೆ ಡಿಸ್ಕನ್ನು ಓದುವುದಕ್ಕೂ ಒಂದು ತಂತ್ರಾಂಶ ಬೇಕು. ಬೀಜ ಮೊದಲೋ ವೃಕ್ಷ ಮೊದಲೋ ಎಂಬಂತಹ ಸಿಕ್ಕು ಇದು. ಇದನ್ನು ಬಿಡಿಸುವುದಕ್ಕಾಗಿ ಕಂಪ್ಯೂಟರಿನ ಮುಖ್ಯ ಹಲಗೆಯ ಒಂದು ಚಿಪ್ಪಿನಲ್ಲಿ ಚಿಕ್ಕ ತಂತ್ರಾಂಶವೊಂದನ್ನು ತಯಾರಕರು ಮೊದಲೇ ಬರೆದಿಟ್ಟಿರುತ್ತಾರೆ. ಹಳೆಯ ಯಂತ್ರಗಳಲ್ಲಿ ಅದಕ್ಕೆ ಬಯೋಸ್ ಎಂದೂ ಈಗಿನವುಗಳಲ್ಲಿ ಯುಇಎಫ್‌ಐ ಎಂದೂ ಹೆಸರು. ಅದು ಎದ್ದು, ಜೋಡಿಸಿರುವ ಡಿಸ್ಕುಗಳನ್ನು ಒಂದು ಕ್ರಮದಲ್ಲಿ ವಿಚಾರಿಸಿ, ಎಲ್ಲಿ ಕಾರ್ಯಾಚರಣ ವ್ಯವಸ್ಥೆಯ ಬಾಗಿಲು ಸಿಗುವುದೋ ಅಲ್ಲಿಗೆ ಅಧಿಕಾರ ವಹಿಸಿ ಹಿಂದೆ ಸರಿಯುತ್ತದೆ.

ಒಳಗಿನ ಡಿಸ್ಕಿನಲ್ಲಿ ಆ ಬಾಗಿಲು ಕೆಟ್ಟಿದ್ದರೆ ಯಂತ್ರ ಏಳುವುದಿಲ್ಲ. ಆಗ ಹೊರಗಿನಿಂದ ಪೆನ್ ಡ್ರೈವಿನಲ್ಲಿ ಮತ್ತೊಂದು ಬಾಗಿಲನ್ನು ತೋರಿಸಬಹುದು. ಬೂಟ್ ಮಾಡಬಲ್ಲ ಪೆನ್ ಡ್ರೈವ್ ಎಂದರೆ ಇಷ್ಟೇ.

ಸಿದ್ಧಪಡಿಸುವ ಕ್ರಮ

ಮೊದಲನೆಯದಾಗಿ, ಕನಿಷ್ಠ 8 ಜಿಬಿಯ ಒಂದು ಪೆನ್ ಡ್ರೈವ್ ಬೇಕು. ಅದರಲ್ಲಿರುವುದೆಲ್ಲ ಅಳಿಸಿಹೋಗುವುದರಿಂದ ಮದುವೆಯ ಫೋಟೋ ತುಂಬಿದ ಪೆನ್ ಡ್ರೈವನ್ನು ಈ ಕೆಲಸಕ್ಕೆ ತರಬೇಡಿ.

ಎರಡನೆಯದಾಗಿ, ಚೆನ್ನಾಗಿ ನಡೆಯುತ್ತಿರುವ ಬೇರೊಂದು ಕಂಪ್ಯೂಟರಿನಲ್ಲಿ ಕಾರ್ಯಾಚರಣ ವ್ಯವಸ್ಥೆಯ ಐಎಸ್‌ಒ ಕಡತವನ್ನು ಇಳಿಸಿಕೊಳ್ಳಬೇಕು. ನಾನು ಬಳಸುವುದು ಲಿನಕ್ಸ್ ಮಿಂಟ್. ಅದಕ್ಕೆ ಹಣ ಕೊಡಬೇಕಾಗಿಲ್ಲ. 64 ಬಿಟ್ಟಿನ ಪ್ರೊಸೆಸರ್, ಕನಿಷ್ಠ 2 ಜಿಬಿ ರ‍್ಯಾಮ್ ಇದ್ದರೆ ನಡೆಯುತ್ತದೆ. 4 ಜಿಬಿ ಇದ್ದರೆ ಸುಖವಾಗಿ ನಡೆಯುತ್ತದೆ. ಇಳಿಸಿದ ಕಡತ ಪೂರ್ಣವಾಗಿದೆಯೇ ಎಂದು ತಿಳಿಯಲು ಅದೇ ತಾಣದಲ್ಲಿ ಕೊಟ್ಟಿರುವ ಚೆಕ್‌ಸಮ್ ಎಂಬ ಉದ್ದನೆಯ ಸಂಖ್ಯೆಯನ್ನು ತಾಳೆ ನೋಡಬೇಕು. ಗಣಿತದಲ್ಲಿ ಉತ್ತರ ಬಂದ ಮೇಲೆ ತಾಳೆ ನೋಡುವ ಅಭ್ಯಾಸವನ್ನು ಇಲ್ಲಿಯೂ ಬಿಡಬಾರದು.

ಮೂರನೆಯದಾಗಿ, ಆ ಕಡತವನ್ನು ಪೆನ್ ಡ್ರೈವಿಗೆ ಬರೆಯಬೇಕು. ಹಾಡನ್ನು ಹಾಕಿದಂತೆ ಬರಿದೇ ಕಾಪಿ ಮಾಡಿದರೆ ಪ್ರಯೋಜನವಿಲ್ಲ. ಬೀಗಮುದ್ರೆ ಒಡೆಯದ ಡಬ್ಬಿಯನ್ನು ಹಾಗೆಯೇ ಕಪಾಟಿನಲ್ಲಿಟ್ಟಂತೆ ಆಗುತ್ತದೆ. ಡಬ್ಬಿಯನ್ನು ಬಿಚ್ಚಿ, ಒಳಗಿನದನ್ನು ಬೂಟ್ ಆಗುವಂತೆ ಜೋಡಿಸುವುದಕ್ಕೆ ವಿಂಡೋಸಿನಲ್ಲಿ ರೂಫಸ್ ಎಂಬ ಪುಟ್ಟ ತಂತ್ರಾಂಶವಿದೆ. ಪೀಟ್ ಬಟಾರ್ ಎಂಬವರು 2011ರಲ್ಲಿ ಅದನ್ನು ಹೊರತಂದರು. ಅದೂ ಉಚಿತ. ಪೆನ್ ಡ್ರೈವನ್ನು ಆರಿಸಿ, ಐಎಸ್‌ಒ ಕಡತವನ್ನು ತೋರಿಸಿ, ಆರಂಭದ ಗುಂಡಿ ಒತ್ತಿದರೆ ಕೆಲವು ನಿಮಿಷಗಳಲ್ಲಿ ಕೆಲಸ ಮುಗಿಯುತ್ತದೆ. ಒತ್ತುವ ಮುನ್ನ ಆರಿಸಿರುವುದು ಪೆನ್ ಡ್ರೈವೇ ಹೌದೇ, ಬೇರೆ ಡಿಸ್ಕೇ ಎಂದು ಎರಡು ಸಲ ನೋಡಿ.

ನಾಲ್ಕನೆಯದಾಗಿ, ಏಳದಿರುವ ಯಂತ್ರಕ್ಕೆ ಪೆನ್ ಡ್ರೈವನ್ನು ಸಿಕ್ಕಿಸಿ, ಚಾಲೂ ಮಾಡಿದೊಡನೆ ಬೂಟ್ ಪಟ್ಟಿಯ ಕೀಲಿಯನ್ನು ಮೇಲಿಂದ ಮೇಲೆ ಒತ್ತಬೇಕು. ಹಲವು ಲ್ಯಾಪ್‌ಟಾಪ್‌ಗಳಲ್ಲಿ ಅದು ಎಫ್12. ಕೆಲವುಗಳಲ್ಲಿ ಎಫ್9 ಅಥವಾ ಎಸ್ಕೇಪ್. ಪಟ್ಟಿಯಲ್ಲಿ ಯುಎಸ್‌ಬಿಯನ್ನು ಆರಿಸಿದರೆ ಲಿನಕ್ಸ್ ನೇರವಾಗಿ ಪೆನ್ ಡ್ರೈವಿನಿಂದಲೇ ನಡೆಯತೊಡಗುತ್ತದೆ. ನೀವಾಗಿ ಇನ್‌ಸ್ಟಾಲ್ ಎಂದು ಒತ್ತುವವರೆಗೆ ಒಳಗಿನ ಡಿಸ್ಕಿನಲ್ಲಿರುವುದನ್ನು ಅದು ಅಳಿಸುವುದಿಲ್ಲ. ಡಿಸ್ಕು ಜೀವಂತವಾಗಿದ್ದರೆ ನಿಮ್ಮ ಕಡತಗಳು ಕಾಣುತ್ತವೆ. ಅವನ್ನು ಬೇರೊಂದು ಡ್ರೈವಿಗೆ ಇಳಿಸಿಕೊಳ್ಳಬಹುದು. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಹಾಕಿದ್ದರೆ ಮಾತ್ರ ಅದರ ರಿಕವರಿ ಕೀಲಿಯಿಲ್ಲದೆ ತೆರೆಯಲಾಗದು. ಆ ಕೀಲಿಯನ್ನು ಇಂದೇ ಹುಡುಕಿ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ಎರಡು ಲ್ಯಾಪ್‌ಟಾಪ್‌ಗಳು

ಹಡಗಲಿಯ ಕಡೆಯ ಒಬ್ಬ ಹುಡುಗಿಯ ತಂದೆ, ತಾಯಿ ಇಬ್ಬರೂ ನನ್ನ ವಿದ್ಯಾರ್ಥಿಗಳು. ಮನೆಯವರೆಲ್ಲ ಬೆಳಗಿನ ಜಾವ ಎದ್ದು ಮಲ್ಲಿಗೆ ಮೊಗ್ಗು ಬಿಡಿಸಿ ಜೀವನ ಮಾಡುವವರು. ಆ ದುಡ್ಡಿನಲ್ಲಿ ಮಗಳಿಗೆ ಒಂದು ಹಳೆಯ ಲ್ಯಾಪ್‌ಟಾಪ್ ಕೊಡಿಸಿದ್ದರು. ಪದವಿಯ ಕೊನೆಯ ವರ್ಷದ ವರದಿಯನ್ನು ಒಪ್ಪಿಸಲು ನಾಲ್ಕು ದಿನವಿರುವಾಗ ಅದು ಕಪ್ಪು ಪರದೆ ತೋರಿಸಿ ನಿಂತುಬಿಟ್ಟಿತು. ಒಂದು ಅಂಗಡಿಯಲ್ಲಿ, ಎಲ್ಲ ಅಳಿಸಿ ಹೊಸದಾಗಿ ಹಾಕಬೇಕು, ಒಳಗಿರುವುದು ಉಳಿಯುವುದಿಲ್ಲ ಎಂದರಂತೆ. ತಂದೆ, ಮಗಳು ಇಬ್ಬರೂ ಕೂಡ್ಲಿಗಿಗೆ ಬಸ್ಸು ಹತ್ತಿ ಬಂದರು. ಪೆನ್ ಡ್ರೈವ್ ಸಿಕ್ಕಿಸಿ ಯಂತ್ರವನ್ನು ಎಬ್ಬಿಸಿದೆವು. ವರದಿ ಇತ್ತು, ಚಿತ್ರಗಳಿದ್ದವು, ಒಂದೂ ಹೋಗಿರಲಿಲ್ಲ. ಎಲ್ಲವನ್ನೂ ಬೇರೆಡೆಗೆ ಇಳಿಸಿದ ಮೇಲೆ ಆ ತಂದೆ ಜೇಬಿಗೆ ಕೈಹಾಕಿ ಕೇಳಿದ: "ಇದನ್ನ ಮಾಡಿದೋರಿಗೆ ಎಷ್ಟು ಕೊಡಬೇಕ್ರೀ ಸರ್?"

ಏನೂ ಇಲ್ಲ ಎಂದೆ. ಅವನಿಗೆ ನಂಬಿಕೆಯಾಗಲಿಲ್ಲ. "ಯಾರೋ ದುಡದಿರ್ತಾರಲ್ರೀ" ಎಂದ.

ಎರಡನೆಯದು ಹರಪನಹಳ್ಳಿಯಿಂದ ಬಂದದ್ದು. ತಂದ ಯುವಕ ಹೆಚ್ಚು ಮಾತನಾಡಲಿಲ್ಲ. ತೀರಿಹೋದ ಅವನ ತಂದೆ ಹೊಲದ ಕೆಲಸದ ಹಾಡುಗಳನ್ನು ಚೆನ್ನಾಗಿ ಹಾಡುತ್ತಿದ್ದರು. ಆ ದನಿಯನ್ನು ಮುದ್ರಿಸಿ ಅದರಲ್ಲಿ ಮಾತ್ರ ಇಟ್ಟಿದ್ದ. ಪೆನ್ ಡ್ರೈವಿನಿಂದ ಯಂತ್ರವೇನೋ ಎದ್ದಿತು. ಒಳಗಿನ ಡಿಸ್ಕು ಮಾತ್ರ ಕಾಣಲಿಲ್ಲ. ಅದು ನಿಜವಾಗಿಯೂ ಸತ್ತಿತ್ತು. ಯಂತ್ರವನ್ನು ಎಬ್ಬಿಸುವುದು ಬೇರೆ, ಕಳೆದದ್ದನ್ನು ಮರಳಿ ತರುವುದು ಬೇರೆ. ಆ ದಿನ ನಾನು ಅವನಿಗೆ ಕೃತಜ್ಞತೆಯ ಮಾತು ಯಾವುದನ್ನೂ ಹೇಳಲಿಲ್ಲ. ದುಃಖದಲ್ಲಿರುವವನಿಗೆ 'ಉಳಿದದ್ದನ್ನು ನೆನೆದು ಸ್ತೋತ್ರ ಹೇಳು' ಎಂದು ಬೋಧಿಸುವುದು ಕ್ರೂರತನ. ಚಹಾ ಕುಡಿದು, ಲ್ಯಾಪ್‌ಟಾಪನ್ನು ಚೀಲದಲ್ಲಿಟ್ಟುಕೊಂಡು ಅವನು ಹೊರಟುಹೋದ.

ಹತ್ತು ಮಂದಿಯಲ್ಲಿ ಒಬ್ಬ

ಹಡಗಲಿಯ ಆ ರೈತನ ಮಾತು ನನ್ನನ್ನು ಬಹಳ ದಿನ ಕಾಡಿತು. ಹೌದು, ಯಾರೋ ದುಡಿದಿದ್ದಾರೆ. ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಗ್ನೂ ಯೋಜನೆಯನ್ನು ಘೋಷಿಸಿದರು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್, ತನ್ನ ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಲಿನಕ್ಸಿನ ತಿರುಳನ್ನು ಬರೆದು ಎಲ್ಲರ ಮುಂದಿಟ್ಟರು. ಅನಂತರ ಸಾವಿರಾರು ಜನ ಕೈಗೂಡಿಸಿದರು. ಅದೇ ಲಿನಕ್ಸಿನಲ್ಲಿ ಕನ್ನಡಕ್ಕೆ ಕಗಪ ಎಂಬ ಕೀಲಿಮಣೆ ವಿನ್ಯಾಸವಿದೆ. ಕನ್ನಡವನ್ನು ಉಚ್ಚಾರಣೆಯ ತರ್ಕದಂತೆ ಟೈಪಿಸುವ ಇಂತಹ ವಿನ್ಯಾಸವನ್ನು ರೂಪಿಸಿ, ತಮ್ಮ 'ಸೇಡಿಯಾಪು' ತಂತ್ರಾಂಶವನ್ನು ಉಚಿತವಾಗಿ ಹಂಚಿದವರು ನಮ್ಮ ನಾಡಿನ ಕೆ. ಪಿ. ರಾವ್. ಇವರಲ್ಲಿ ಯಾರೂ ಹಡಗಲಿಯ ಆ ಹುಡುಗಿಯನ್ನು ಕಂಡವರಲ್ಲ.

ಲೂಕನ ಸುವಾರ್ತೆಯ 17ನೆಯ ಅಧ್ಯಾಯದಲ್ಲಿ ಹತ್ತು ಮಂದಿ ಕುಷ್ಠರೋಗಿಗಳ ಪ್ರಸಂಗವಿದೆ. ಸಮಾರ್ಯ, ಗಲಿಲಾಯಗಳ ಗಡಿಯ ಒಂದು ಹಳ್ಳಿಯ ಬಳಿ ಅವರು ದೂರದಲ್ಲಿ ನಿಂತು ಯೇಸುವನ್ನು ಕೂಗುತ್ತಾರೆ. ಹೋಗಿ ಯಾಜಕರಿಗೆ ಮೈ ತೋರಿಸಿಕೊಳ್ಳಿರೆಂದು ಆತನು ಹೇಳುತ್ತಾನೆ. ದಾರಿಯಲ್ಲಿ ಹೋಗುತ್ತಿರುವಾಗಲೇ ಹತ್ತೂ ಜನರಿಗೆ ಗುಣವಾಗುತ್ತದೆ. ಅವರಲ್ಲಿ ಒಬ್ಬ ಮಾತ್ರ ಹಿಂದಿರುಗಿ ಬಂದು ಪಾದಕ್ಕೆರಗುತ್ತಾನೆ. ಅವನು ಸಮಾರ್ಯದವನು, ಯೆಹೂದ್ಯರ ದೃಷ್ಟಿಯಲ್ಲಿ ಹೊರಗಿನವನು. ಉಳಿದ ಒಂಬತ್ತು ಮಂದಿ ಎಲ್ಲಿ ಎಂದು ಯೇಸು ಕೇಳುತ್ತಾನೆ.

ಈ ಪ್ರಸಂಗದ ಮೇಲೆ ಎಷ್ಟೋ ಪ್ರಸಂಗಗಳನ್ನು ಕೇಳಿದ್ದೇನೆ; ಹೆಚ್ಚಿನವು ಆ ಒಂಬತ್ತು ಮಂದಿಯನ್ನು ಬೈಯುವುದರಲ್ಲಿಯೇ ಮುಗಿಯುತ್ತವೆ. ನನಗೆ ಕಾಣುವುದು ಬೇರೆ. ಆ ಒಂಬತ್ತು ಮಂದಿಯ ಗುಣ ಹಿಂದಕ್ಕೆ ಹೋಯಿತೆಂದು ಲೂಕನು ಬರೆಯುವುದಿಲ್ಲ. ಕೊಟ್ಟದ್ದನ್ನು ಕೊಟ್ಟಾಯಿತು. ಕೃತಜ್ಞತೆ ಅದರ ಬೆಲೆಯಲ್ಲ. ಬೆಲೆಯಾಗಿದ್ದರೆ ಅದು ವ್ಯಾಪಾರವಾಗುತ್ತಿತ್ತು. ಹಾಗಾದರೆ ಹಿಂದಿರುಗಿದವನಿಗೆ ದೊರೆತ ಹೆಚ್ಚಿನದೇನು? ಗುಣ ಎಲ್ಲಿಂದ ಬಂತೆಂಬುದನ್ನು ಅವನು ಕಂಡುಕೊಂಡ. ಕೊಟ್ಟವನ ಮುಖ ನೋಡಿದ. ಉಳಿದವರಿಗೆ ಗುಣವಾದ ಮೈ ಮಾತ್ರ ಸಿಕ್ಕಿತು.

ಯಂತ್ರದ ಪಾಠವೂ ಇಲ್ಲಿಯೇ ಬಂದು ಸೇರುತ್ತದೆ. ನಾವು ಯಾರೂ ತಾನಾಗಿ ಎದ್ದವರಲ್ಲ. ಕೊರಿಂಥದ ಸಭೆಗೆ ಬರೆದ ಮೊದಲನೆಯ ಪತ್ರದಲ್ಲಿ ಪೌಲನು ಇದನ್ನೇ ಪ್ರಶ್ನೆಯಾಗಿ ಕೇಳುತ್ತಾನೆ: ಇನ್ನೊಬ್ಬರಿಂದ ಹೊಂದದೆ ಇರುವಂಥದ್ದು ನಿನ್ನಲ್ಲಿ ಏನಿದೆ? ನಾನು ಕನ್ನಡದಲ್ಲಿ ಬೈಬಲ್ ಓದುತ್ತೇನೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿ ಆ ಅನುವಾದಕ್ಕೆ ಕೈಹಾಕಿದರು. ಸಂಪೂರ್ಣ ಕನ್ನಡ ಬೈಬಲ್ 1831ರಲ್ಲಿ ಅಚ್ಚಾಯಿತು. ಅದೇ ಮಿಷನ್ನಿನ ವಿಲಿಯಂ ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿ ಹೊರಬಂತು. ಪರದೇಶದಿಂದ ಬಂದ ಅವರಿಗೆ ಕನ್ನಡ ಕಲಿಸಿದವರು ಈ ನೆಲದವರೇ. ಅವರ ಹೆಸರುಗಳು ಪುಸ್ತಕದ ಮುಖಪುಟದಲ್ಲಿಲ್ಲ. ನನ್ನ ಪ್ರಾರ್ಥನೆಯ ಒಂದೊಂದು ಪದದ ಹಿಂದೆಯೂ ಹೆಸರಿಲ್ಲದ ಅಂತಹ ಒಬ್ಬ ಮೇಷ್ಟ್ರು ನಿಂತಿದ್ದಾರೆ ಎಂದುಕೊಳ್ಳುತ್ತೇನೆ.

ಹೆಸರಿಲ್ಲದವರಿಗೆ ಋಣ ಹೇಗೆ ತೀರಿಸುವುದು? ನಮ್ಮ ರೈತರಿಗೆ ಇದು ಗೊತ್ತು. ಎಳ್ಳಮಾವಾಸ್ಯೆಯಂದು ಹೊಲಕ್ಕೆ ಹೋಗಿ ಚರಗ ಚೆಲ್ಲುವವರು ಭೂಮಿತಾಯಿಗೆ ರಸೀತಿ ಕೇಳುವುದಿಲ್ಲ. ನಮ್ಮ ಸಭೆಗಳ ಸುಗ್ಗಿ ಹಬ್ಬದಲ್ಲಿಯೂ ಜೋಳದ ತೆನೆ, ಕುಂಬಳಕಾಯಿ, ಕೋಳಿಗಳನ್ನು ತಂದೊಪ್ಪಿಸಿ, ಆಮೇಲೆ ಸವಾಲಿನಲ್ಲಿ ಅವನ್ನೇ ಹೆಚ್ಚಿನ ಬೆಲೆ ಕೊಟ್ಟು ಕೊಳ್ಳುತ್ತಾರೆ. ಲೆಕ್ಕದ ಪ್ರಕಾರ ಅದು ನಷ್ಟ. ಕೃತಜ್ಞತೆಗೆ ಲೆಕ್ಕದ ಪುಸ್ತಕ ಬೇರೆಯೇ ಇದೆ.

ಹರಪನಹಳ್ಳಿಯ ಯುವಕನ ವಿಷಯಕ್ಕೆ ಬರುತ್ತೇನೆ. ಕಳೆದುಕೊಂಡವನಿಗೆ ಈ ಮಾತೆಲ್ಲ ಏನು? ಇದಕ್ಕೆ ಸುಲಭದ ಉತ್ತರವಿಲ್ಲ. ಒಂದು ಸಂಗತಿಯನ್ನು ಮಾತ್ರ ಬಲ್ಲೆ. ಕರ್ತನ ಭೋಜನಕ್ಕೆ ಯೂಕರಿಸ್ತ್ ಎಂಬ ಹೆಸರಿದೆ. ಗ್ರೀಕ್ ಭಾಷೆಯಲ್ಲಿ ಅದರ ಅರ್ಥ ಕೃತಜ್ಞತಾಸ್ತುತಿ ಎಂದು. ಯೇಸು ರೊಟ್ಟಿಯನ್ನು ತೆಗೆದುಕೊಂಡು ಸ್ತೋತ್ರ ಸಲ್ಲಿಸಿದ್ದು ಹಿಡಿದೊಪ್ಪಿಸಲ್ಪಟ್ಟ ರಾತ್ರಿಯಲ್ಲಿ. ಮರುದಿನ ಏನಾಗುವುದೆಂಬುದು ಆತನಿಗೆ ತಿಳಿದಿತ್ತು. ಆದ್ದರಿಂದ ಎಲ್ಲವೂ ಸರಿಯಿದ್ದಾಗ ಉಕ್ಕುವ ಸಂತೋಷವಷ್ಟೇ ಕೃತಜ್ಞತೆಯಲ್ಲ. ಆದರೆ ಅದನ್ನು ಸಲ್ಲಿಸಬೇಕಾದವನು ತಾನೇ ಸಲ್ಲಿಸಬೇಕು. ಪಕ್ಕದವರು ಅವನ ಪರವಾಗಿ ಹೇಳಲಾಗದು.

ಮೂರು ತಿಂಗಳ ಮೇಲೆ ಆ ಯುವಕ ಮತ್ತೆ ಬಂದ. ಲ್ಯಾಪ್‌ಟಾಪಿಗೆ ಬೇರೆ ಡಿಸ್ಕು ಹಾಕಿಸಿದ್ದ. "ಪೆನ್ ಡ್ರೈವ್ ಮಾಡೋದು ನನಗೂ ಹೇಳಿಕೊಡ್ರೀ ಸರ್. ನಮ್ಮ ಓಣ್ಯಾಗ ಇನ್ನೂ ಎರಡು ಮಷಿನ್ ಹಿಂಗ ಬಿದ್ದಾವ" ಎಂದ. ತಂದೆಯ ಹಾಡಿನ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಸಂಜೆಯವರೆಗೆ ಕುಳಿತು ಕಲಿತು ಹೋದ.

ಆದುದರಿಂದ ಓದುಗರಾದ ನಿಮ್ಮಲ್ಲಿ ಮೂರು ಬಿನ್ನಹಗಳು. ನಿಮ್ಮವರ ದನಿ, ಚಿತ್ರ, ಬರಹಗಳನ್ನು ಒಂದೇ ಕಡೆ ಇಡಬೇಡಿ. ಈ ವಾರವೇ ಎರಡನೆಯ ಪ್ರತಿ ಮಾಡಿಕೊಳ್ಳಿ. ಉಚಿತವಾಗಿ ಪಡೆದ ತಂತ್ರಾಂಶದಿಂದ ನಿಮಗೆ ಉಪಕಾರವಾಗಿದ್ದರೆ, ಅದನ್ನು ಮಾಡಿದವರಿಗೆ ಒಂದು ಸಾಲು ಬರೆಯಿರಿ. ಶಕ್ತಿಯಿದ್ದರೆ ಅಲ್ಪ ಕಾಣಿಕೆ ಕಳುಹಿಸಿ. ಪೆನ್ ಡ್ರೈವ್ ಮಾಡುವಾಗ ಒಂದಕ್ಕೆ ನಿಲ್ಲಿಸದೆ ಎರಡು ಮಾಡಿ, ಒಂದನ್ನು ಹತ್ತಿರದ ಶಾಲೆಯ ಮೇಷ್ಟ್ರ ಕೈಗೆ ಕೊಡಿ. ಕ್ರಮ ತಿಳಿಯದಿದ್ದರೆ ಭಾನುವಾರ ಆರಾಧನೆ ಮುಗಿದ ಮೇಲೆ ನಾನು ಮನೆಯಲ್ಲಿಯೇ ಇರುತ್ತೇನೆ. ಬರುವಾಗ 8 ಜಿಬಿಯದೊಂದು ಪೆನ್ ಡ್ರೈವ್ ತನ್ನಿ, ಖಾಲಿಯದನ್ನೇ ತನ್ನಿ.

ಎಲ್ಲರಿಗೂ ನಿಮ್ಮ ಹಳೆಯ ಮೇಷ್ಟ್ರ ಆಶೀರ್ವಾದಗಳು.