ಕಲ್ಲಂಗಡಿ ಸಿಪ್ಪೆಯೂ ಮರಿಗಳ ಬೇಸಗೆಯೂ

ಶಾದನಗರದ ಆಚೆ ನಮಗಿರುವ ತುಂಡು ಹೊಲದಲ್ಲಿ ಕೋಳಿ ಸಾಕುತ್ತೇವೆಂದಾಗ ಹೈದರಾಬಾದಿನ ಕನ್ನಡ ಮಿತ್ರರು ನಕ್ಕರು. ನಗಲು ಕಾರಣವಿತ್ತು, ನಾವಿಬ್ಬರೂ ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ಆಯುಷ್ಯ ಕಳೆದವರು. ಏಪ್ರಿಲ್ ಕೊನೆಗೆ 200 ವನರಾಜ ಮರಿಗಳು ಬಂದವು. ಇಲ್ಲಿಯದೇ ರಾಜೇಂದ್ರನಗರದ ಕೋಳಿ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡ ತಳಿಗೆ ಇಲ್ಲಿಯ ಬಿಸಿಲು ಹೊಸದಲ್ಲವೆಂಬುದು ನಮ್ಮ ತರ್ಕ.

ಮೊದಲ ವಾರ ಸುಸೂತ್ರವಾಗಿ ಕಳೆಯಿತು. ಮೊಟ್ಟೆಯೊಡೆದು ಬಂದ ಮರಿಗೆ ಮೈಕಾವನ್ನು ತಾನೇ ಕಾಯ್ದುಕೊಳ್ಳಲು ಬಾರದು. ಸುಮಾರು 33 ಡಿಗ್ರಿಯ ಬಿಸಿ ಹೊರಗಿನಿಂದ ಬೇಕು. ಅದಕ್ಕಾಗಿ ಬಲ್ಬು ಉರಿಸಿದ್ದೆವು. ಗರಿ ಮೂಡಿದಂತೆ ಈ ಬೇಡಿಕೆ ವಾರಕ್ಕೆ ಸುಮಾರು 3 ಡಿಗ್ರಿ ಇಳಿಯುತ್ತದೆ, ಮೇ ತಿಂಗಳ ಬಿಸಿಲಾದರೋ ಏರುತ್ತದೆ. ನಾವು ಮಧ್ಯಾಹ್ನವೂ ಬಲ್ಬು ಆರಿಸಿರಲಿಲ್ಲ. ಮೂರನೆಯ ವಾರದ ಒಂದು ದಿನ ಮರಿಗಳೆಲ್ಲ ಗೋಡೆಗೆ ಒತ್ತಿಕೊಂಡು, ರೆಕ್ಕೆ ಅಗಲಿಸಿ, ಕೊಕ್ಕು ತೆರೆದು ಏದುತ್ತಿದ್ದವು. ಸಂಜೆಗೆ 17 ಸತ್ತಿದ್ದವು. ಕೋಳಿಗೆ ಬೆವರುವ ಗ್ರಂಥಿಗಳಿಲ್ಲ, ಏದುಸಿರೇ ಅದರ ಬೆವರು ಎಂಬುದನ್ನು ನಾವು ತಿಳಿದದ್ದು ಆಮೇಲೆ.

ಮರುದಿನ ಅಂಗಡಿಯಿಂದ ಅಮೈನೋ ಆಮ್ಲದ ಒಂದು ಬಾಟಲಿ ತಂದು ಕುಡಿಯುವ ನೀರಿಗೆ ಬೆರೆಸಿದೆವು. ಆ ದಿನವೂ 11 ಹೋದವು. ಬಾಟಲಿಯನ್ನು ಬೈದದ್ದಾಯಿತು. ಸಂಜೆ ಬಂದ ಪಶುವೈದ್ಯರು ಏನನ್ನೂ ಕೇಳದೆ ನೀರಿನ ತಟ್ಟೆಗೆ ಬೆರಳದ್ದಿ ನಮ್ಮ ಮುಖ ನೋಡಿದರು. ತಗಡಿನ ಮಾಡಿನ ಕೆಳಗೆ ನೀರು ಸ್ನಾನಕ್ಕಾಗುವಷ್ಟು ಬಿಸಿಯಾಗಿತ್ತು. ಮರಿಗಳು ಅದನ್ನು ಮುಟ್ಟಿಯೇ ಇರಲಿಲ್ಲ.

ಅವರು ವಿವರಿಸಿದ ಲೆಕ್ಕ ನಮ್ಮಂಥ ಲೆಕ್ಕದವರಿಗೆ ಬಹಳ ಹಿಡಿಸಿತು. ಸೆಕೆಯಲ್ಲಿ ಮರಿ ಮೇವು ಕಡಿಮೆ ಮಾಡುತ್ತದೆ, ಬೆಳವಣಿಗೆಗೆ ಬೇಕಾದ ಅಮೈನೋ ಆಮ್ಲಗಳೂ ಆಗ ಕಡಿಮೆಯಾಗುತ್ತವೆ. ಹಾಗೆಂದು ಸೋಯಾ ಹಿಂಡಿ ಹೆಚ್ಚಿಸಿದರೆ ಕೇಡು. ಬೇಡದ ಪ್ರೋಟೀನನ್ನು ಒಡೆದು ಯೂರಿಕ್ ಆಮ್ಲವಾಗಿಸಿ ಹೊರಹಾಕುವ ಕೆಲಸದಲ್ಲೇ ಮೈ ಇನ್ನಷ್ಟು ಕಾಯುತ್ತದೆ. ಆದ್ದರಿಂದ ಒಟ್ಟು ಪ್ರೋಟೀನನ್ನು ತುಸು ತಗ್ಗಿಸಿ, ಕೊರತೆ ಬೀಳುವುದನ್ನಷ್ಟೇ ಪ್ರತ್ಯೇಕವಾಗಿ ಸೇರಿಸಬೇಕು. ಮೆಕ್ಕೆಜೋಳ–ಸೋಯಾ ಮೇವಿನಲ್ಲಿ ಮೊದಲು ಕೊರತೆಯಾಗುವುದು ಮೆಥಿಯೋನಿನ್, ಅನಂತರ ಲೈಸಿನ್. ಹೆಚ್ಚಾದರೆ ಮೆಥಿಯೋನಿನ್ನೇ ವಿಷ. ಕೈಯಳತೆ ಸಲ್ಲದು, ತಕ್ಕಡಿ ಬೇಕು.

ಬಲ್ಬು ಆರಿತು. ಮಾಡಿನ ಮೇಲೆ ಹುಲ್ಲು ಹೊದಿಸಿ ನೀರು ಚಿಮುಕಿಸಿದೆವು. ಮಧ್ಯಾಹ್ನದ ಮೇವು ನಿಲ್ಲಿಸಿ ಬೆಳಗಿನ ಐದಕ್ಕೂ ಸಂಜೆ ತಂಪಾದ ಮೇಲೂ ಹಾಕತೊಡಗಿದೆವು. ಬಾಟಲಿಯ ನೀರು ಮಣ್ಣಿನ ತಟ್ಟೆಗೆ ಬಂತು. ಸಾವು ನಿಂತಿತು. ಯಾವುದರಿಂದ ಎಷ್ಟು ಎಂದು ಬಿಡಿಸಿ ಹೇಳಲಾರೆವು; ಬಾಟಲಿಯೊಂದರಿಂದಲೇ ಅಲ್ಲವೆಂಬುದು ಮಾತ್ರ ನಿಶ್ಚಯ.

ಆ ವಾರ ಮಾನ್ವಿಯಿಂದ ಅಮ್ಮ ಬಂದರು (ನಮ್ಮಲ್ಲೊಬ್ಬರಿಗೆ ತಾಯಿ, ಇನ್ನೊಬ್ಬರಿಗೆ ಅತ್ತೆ). ನಾವು ತಿಂದೆಸೆದ ಕಲ್ಲಂಗಡಿ ಸಿಪ್ಪೆಯನ್ನು ಆಯ್ದು, ಸಣ್ಣಗೆ ಹೆಚ್ಚಿ, ಮರಿಗಳ ಮುಂದೆ ಸುರಿದರು. ಯಾಕೆಂದು ಕೇಳಿದೆವು.

“ನಮ್ಮವ್ವ ಹಾಕ್ತಿದ್ಲಪ್ಪ. ಬ್ಯಾಸಗಿಯೊಳಗ ಮರಿ ತಂಪಿರತಾವ.”

ಮುಗುಳ್ನಕ್ಕು ಸುಮ್ಮನಾಗಿದ್ದೆವು. ಮಳೆಗಾಲದಲ್ಲಿ ಬಿಡುವಾಗಿ ಓದುವಾಗ ಸಿಟ್ರುಲಿನ್ ಎಂಬ ಅಮೈನೋ ಆಮ್ಲದ ಹೆಸರು ಸಿಕ್ಕಿತು. ಜಪಾನಿನಲ್ಲಿ ಅದನ್ನು ಮೊದಲು ಬೇರ್ಪಡಿಸಿದ್ದು ಕಲ್ಲಂಗಡಿಯಿಂದಲೇ. ಹೆಸರೂ ಆ ಬಳ್ಳಿಯ ಲ್ಯಾಟಿನ್ ಹೆಸರಿನಿಂದಲೇ ಬಂದದ್ದು. ಅದೇ ದೇಶದ ಕ್ಯೂಶೂ ವಿಶ್ವವಿದ್ಯಾಲಯದವರು ಅದನ್ನು ಮರಿಗಳಿಗೆ ಕುಡಿಸಿ ನೋಡಿದಾಗ ಮೈಕಾವು ಇಳಿಯಿತಂತೆ. ಪ್ರಯೋಗದಲ್ಲಿ ಕೊಟ್ಟದ್ದು ಶುದ್ಧ ವಸ್ತು. ಅಮ್ಮನ ಸಿಪ್ಪೆಯಲ್ಲಿ ಬಹುಪಾಲು ನೀರೇ. ಆ ನೀರೂ ಆ ಮರಿಗಳಿಗೆ ಬೇಕಾಗಿತ್ತು.

ಫೋನಿನಲ್ಲಿ ಇದನ್ನೆಲ್ಲ ಅಮ್ಮನಿಗೆ ಓದಿ ಹೇಳಿದೆವು. ಪೂರ್ತಿ ಕೇಳಿಸಿಕೊಂಡು, “ಎಷ್ಟ ಉಳದಾವ?” ಎಂದರು.

172.