ಓಹಾಯೋದ ಟ್ರ್ಯಾಕ್ಟರ್ ಜಾತ್ರೆಯಲ್ಲಿ

ಓಹಾಯೋ ರಾಜ್ಯದ ವಾಯವ್ಯ ಮೂಲೆಯಲ್ಲಿರುವ ಬೌಲಿಂಗ್ ಗ್ರೀನ್ ದೊಡ್ಡ ಊರೇನಲ್ಲ. ಒಂದು ವಿಶ್ವವಿದ್ಯಾಲಯ, ಒಂದು ಹಳೆಯ ಕೋರ್ಟ್ ಕಟ್ಟಡ, ಸುತ್ತ ಕಣ್ಣು ಹಾಯಿಸಿದಷ್ಟೂ ಮೆಕ್ಕೆಜೋಳ ಮತ್ತು ಸೋಯಾ. ನೆಲ ರೊಟ್ಟಿ ತಟ್ಟಿದ ಹಾಗೆ ಸಪಾಟು. 19ನೆಯ ಶತಮಾನದ ಮಧ್ಯದವರೆಗೂ ಇದೆಲ್ಲ ಗ್ರೇಟ್ ಬ್ಲ್ಯಾಕ್ ಸ್ವಾಂಪ್ ಎಂಬ ಜೌಗು ಪ್ರದೇಶವಾಗಿತ್ತಂತೆ. ಕಾಲುವೆ ತೋಡಿ, ನೆಲದಡಿ ಸುಟ್ಟ ಮಣ್ಣಿನ ಕೊಳವೆ ಹೂತು, ನೀರು ಬಸಿದು ರೈತರು ಮಾಡಿಕೊಂಡ ಹೊಲಗಳಿವು. ಮಳೆ ಬಂದರೆ ನಮ್ಮ ರಾಯಚೂರು ಕಡೆಯ ಎರೆ ಭೂಮಿಯ ಹಾಗೆ ಕಾಲು ಕಚ್ಚಿ ಹಿಡಿಯುತ್ತದೆ.

ಹೈದರಾಬಾದಿನ ನಮ್ಮ ಆಫೀಸಿನಿಂದ ಐದು ತಿಂಗಳ ಮಟ್ಟಿಗೆ ನಾನು ಟೊಲಿಡೋದಲ್ಲಿದ್ದೆ. ಆಗಸ್ಟ್ ನಡುವಿನ ಒಂದು ಶುಕ್ರವಾರ ತಂಡದಲ್ಲಿ ಅರ್ಧ ಜನ ನಾಪತ್ತೆ. ವಿಚಾರಿಸಿದರೆ ಎಲ್ಲರೂ 'ಪುಲ್' ನೋಡಲು ಹೋಗಿದ್ದಾರೆ ಎಂದು ಗೊತ್ತಾಯಿತು. ಮರುದಿನ ಸಹೋದ್ಯೋಗಿಯೊಬ್ಬ ನನ್ನನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೊರಟ. ಕಿವಿಗೆ ಹಾಕಿಕೊಳ್ಳಲು ಒಂದು ಜೊತೆ ಸ್ಪಂಜಿನ ಬಿರಡೆ ಕೊಟ್ಟು, "ಇದು ಟಿಕೆಟ್‌ಗಿಂತ ಮುಖ್ಯ" ಅಂದ.

ಬೌಲಿಂಗ್ ಗ್ರೀನ್‌ನಲ್ಲಿ 1967ರಿಂದ ಟ್ರ್ಯಾಕ್ಟರ್ ಎಳೆತದ ರಾಷ್ಟ್ರೀಯ ಸ್ಪರ್ಧೆ ನಡೆಯುತ್ತಿದೆ. ಜನ ಕುರ್ಚಿ, ಐಸ್ ಡಬ್ಬಿ, ಮಕ್ಕಳು ಮರಿ ಸಮೇತ ಬಂದು ಮೂರು ದಿನ ಟೆಂಟು ಹಾಕುತ್ತಾರೆ. ಆಟ ಇಷ್ಟೇ: ಟ್ರ್ಯಾಕ್ಟರಿಗೆ ಸ್ಲೆಡ್ ಎಂಬ ಭಾರದ ಬಂಡಿ ಕಟ್ಟುತ್ತಾರೆ. ಅದನ್ನು 300 ಅಡಿ ಎಳೆದರೆ 'ಫುಲ್ ಪುಲ್'. ಎಳೆಯಲಾಗದೆ ಎಲ್ಲಿ ನಿಂತೆಯೋ ಅಲ್ಲಿಗೆ ಅಳತೆ.

ಆದರೆ ಆ ಸ್ಲೆಡ್ ಬಲು ಕಿಲಾಡಿ. ಹೊರಡುವಾಗ ಭಾರದ ಪೆಟ್ಟಿಗೆ ಹಿಂದೆ, ಸ್ಲೆಡ್ಡಿನ ಚಕ್ರಗಳ ಮೇಲಿರುತ್ತದೆ. ಹಾಗಾಗಿ ಮೊದಲ ಐವತ್ತು ಅಡಿ ಸಲೀಸು. ಚಕ್ರ ಉರುಳಿದಂತೆ ಅದೇ ಚಕ್ರದಿಂದ ಗೇರು, ಸರಪಳಿ ತಿರುಗಿ ಪೆಟ್ಟಿಗೆ ಮುಂದೆ ಸರಿಯುತ್ತದೆ. ಮುಂದೆ ಚಕ್ರವಿಲ್ಲ, ಬರೀ ಕಬ್ಬಿಣದ ತಗಡು. ಭಾರ ಅದರ ಮೇಲೆ ಬಿದ್ದಂತೆ ತಗಡು ಮಣ್ಣನ್ನು ಕಚ್ಚುತ್ತದೆ. ನೀವು ಮುಂದೆ ಹೋದಷ್ಟೂ ನಿಮ್ಮ ಹೊರೆ ಹೆಚ್ಚು! ಟ್ರ್ಯಾಕ್ಟರಿನ ಮೂತಿ ಮೇಲೇಳುತ್ತದೆ, ಹಿಂದಿನ ಗಾಲಿ ಮಣ್ಣನ್ನು ಆಳೆತ್ತರಕ್ಕೆ ಎರಚುತ್ತದೆ, ಕಪ್ಪು ಹೊಗೆ ಕಂಬದಂತೆ ನಿಲ್ಲುತ್ತದೆ.

ಈ ಆಟದ ಮೂಲ ಕುದುರೆಗಳದ್ದು. ಹಿಂದೆ ಕೊಟ್ಟಿಗೆಯ ಬಾಗಿಲನ್ನು ಕಳಚಿ ನೆಲಕ್ಕೆ ಹಾಕಿ, ಕುದುರೆಗೆ ಕಟ್ಟಿ, ದಾರಿಯುದ್ದಕ್ಕೂ ಒಬ್ಬೊಬ್ಬರೇ ಅದರ ಮೇಲೆ ಹತ್ತಿ ನಿಂತು ಭಾರ ಏರಿಸುತ್ತಿದ್ದರು ಎನ್ನುತ್ತಾರೆ. ಕೇಳಿದೊಡನೆ ನನಗೆ ನಮ್ಮ ರಾಯಚೂರಿನ ಕಾರಹುಣ್ಣಿಮೆ ಕಣ್ಮುಂದೆ ಬಂತು. ಮುಂಗಾರು ಹಬ್ಬದಲ್ಲಿ ಜೋಡಿ ಎತ್ತುಗಳು ಟನ್‌ಗಟ್ಟಲೆ ತೂಕದ ಕಲ್ಲು ಎಳೆಯುವುದನ್ನು ನೋಡಿದವರಿಗೆ ಓಹಾಯೋದ ಈ ಗಲಾಟೆ ಹೊಸದೆನಿಸುವುದಿಲ್ಲ. ಎತ್ತು ಚೆನ್ನಾಗಿ ಮೇಯಿಸಿದ್ದು ಯಾರು ಎಂಬುದು ಅಲ್ಲಿನ ಪ್ರಶ್ನೆಯಾದರೆ, ಎಂಜಿನ್ ಕಟ್ಟಿದ್ದು ಯಾರು ಎಂಬುದು ಇಲ್ಲಿನ ಪ್ರಶ್ನೆ.

ಬೌಲಿಂಗ್ ಗ್ರೀನ್‌ನ ದೊಡ್ಡ ಸ್ಪರ್ಧೆಗಳಲ್ಲಿ ಓಡುವ ಕೆಲವು ಯಂತ್ರಗಳನ್ನು ಟ್ರ್ಯಾಕ್ಟರ್ ಎನ್ನಲು ಬಾಯಿ ಬರುವುದಿಲ್ಲ. ಸಾಲಾಗಿ ಹಲವು ವಿ-8 ಎಂಜಿನ್‌ಗಳು, ಎರಡನೇ ಮಹಾಯುದ್ಧದ ವಿಮಾನಗಳ ವಿ-12 ಕೂಡ. 1970ರ ದಶಕದ ಆರಂಭದಲ್ಲಿ ಓಹಾಯೋದವರೇ ಆದ ಕಾರ್ಲ್ ಮತ್ತು ಪಾಲ್ ಬಾಸಿ ಎಂಬ ಸೋದರರು ಹಲವು ಎಂಜಿನ್‌ಗಳನ್ನು ಒಂದೇ ಶಾಫ್ಟಿಗೆ ಜೋಡಿಸುವ ಗೇರುಪೆಟ್ಟಿಗೆ ಮಾಡಿದ ಮೇಲೆ ಈ ಹುಚ್ಚು ಏರಿತು. ನೋಡಲು ಭರ್ಜರಿ. ಆದರೆ ಅರ್ಧ ದಿನಕ್ಕೆ ನನಗೆ ಸಾಕಾಯಿತು. ಅದನ್ನು ಗಮನಿಸಿದ ಸಹೋದ್ಯೋಗಿ, "ನಿನಗೆ ನಿಜವಾದ ಟ್ರ್ಯಾಕ್ಟರ್ ಬೇಕಿದ್ದರೆ ನಮ್ಮ ಮಾವನ ಶೆಡ್ಡಿಗೆ ಬಾ" ಅಂದ.

ಮಾವನಿಗೆ ಎಪ್ಪತ್ತು ದಾಟಿದೆ. ಊರಿಂದ ಅರ್ಧ ಗಂಟೆ ದೂರದಲ್ಲಿ ಹೊಲ, ಹೊಲದ ಮಧ್ಯೆ ಮನೆ, ಮನೆಗಿಂತ ದೊಡ್ಡ ಶೆಡ್ಡು. ಒಳಗೆ ಕೆಂಪು ಬಣ್ಣದ ಫಾರ್ಮಾಲ್ ಎಂ. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ 1939ರಿಂದ 1952ರವರೆಗೆ ಮಾಡಿದ ಮಾದರಿ ಅದು. ಇದನ್ನು ಕೊಂಡವರು ಅವರ ಅಪ್ಪ, 1949ರಲ್ಲಿ. ಅದರ ಪಕ್ಕದಲ್ಲೇ ಮರದ ತೊಲೆಗಳ ಮೇಲೆ, ಟಾರ್ಪಾಲಿನ್ ಹೊದ್ದು ಇನ್ನೊಂದು ಎಂಜಿನ್ ಕೂತಿತ್ತು.

"ಇದು ಅದರ ಹುಟ್ಟು ಎಂಜಿನ್ನು" ಅಂದರು ಮಾವ. "ಈಗ ಒಳಗಿರುವುದು ಬೇರೆ."

ಆಮೇಲೆ ಎರಡು ಗಂಟೆ ನನಗೆ ಪಾಠವಾಯಿತು. ಫಾರ್ಮಾಲ್ ಎಂ ಜೊತೆ ಬಂದ ಎಂಜಿನ್ನಿನ ಹೆಸರು ಸಿ-248. ನಾಲ್ಕು ಸಿಲಿಂಡರ್, 248 ಘನ ಅಂಗುಲ, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು ನಾಲ್ಕು ಲೀಟರ್. ಅದೇ ಕಂಪನಿ 1956ರಿಂದ 1958ರವರೆಗೆ ಮಾಡಿದ ಫಾರ್ಮಾಲ್ 450ರಲ್ಲಿ ಸಿ-281 ಇತ್ತು. ಎರಡರಲ್ಲೂ ಪಿಸ್ಟನ್ ಮೇಲೆ ಕೆಳಗೆ ಚಲಿಸುವ ದೂರ ಒಂದೇ, ಐದೂಕಾಲು ಅಂಗುಲ. ಸಿಲಿಂಡರಿನ ಅಗಲ ಮಾತ್ರ ಕಾಲು ಅಂಗುಲ ಹೆಚ್ಚು. ಒಂದೇ ಮನೆತನದ ಅಣ್ಣ ತಮ್ಮ. ಹಾಗಾಗಿ ತಮ್ಮನನ್ನು ಅಣ್ಣನ ಜಾಗದಲ್ಲಿ ಬೋಲ್ಟ್ ಹಾಕಿ ಕೂರಿಸಬಹುದು. ಹೊರಗಿನಿಂದ ನೋಡಿದವರಿಗೆ ಬದಲಾದದ್ದೇ ತಿಳಿಯುವುದಿಲ್ಲ.

ಎಂಜಿನ್ ಇಟ್ಟರೆ ಕೆಲಸ ಮುಗಿಯಿತೇ? ಅಲ್ಲೇ ಶುರು. ಹೆಚ್ಚಿದ ಬಲ ಮೊದಲು ಕ್ಲಚ್ಚಿಗೆ ಬರುತ್ತದೆ. ಹಳೇ ಕ್ಲಚ್ಚು ಜಾರುತ್ತದೆ, ಅದನ್ನು ಬದಲಿಸಬೇಕು. ಬಲ ಅಲ್ಲಿಂದ ಗೇರಿಗೆ, ಹಿಂದಿನ ಆಕ್ಸಲ್ಲಿಗೆ, ಕೊನೆಗೆ ಗಾಲಿಗೆ ಹೋಗುತ್ತದೆ. ಗಾಲಿ ಮಣ್ಣನ್ನು ಹಿಡಿಯದಿದ್ದರೆ ಮೇಲಿನದೆಲ್ಲ ದಂಡ. ಮುಂದೆ ಕಬ್ಬಿಣದ ತೂಕಗಳನ್ನು ತೂಗುಹಾಕುವುದು ಮೂತಿ ಮೇಲೇಳದಿರಲಿ ಎಂದು. ಸರಪಳಿ ಕಟ್ಟುವ ಕೊಂಡಿ ಎತ್ತರದಲ್ಲಿದ್ದಷ್ಟೂ ಹಿಂದಿನ ಗಾಲಿಗೆ ಭಾರ ಬಿದ್ದು ಹಿಡಿತ ಸಿಗುತ್ತದೆ. ತೀರಾ ಎತ್ತರವಾದರೆ ಟ್ರ್ಯಾಕ್ಟರೇ ಮೊಗಚೀತು. ಹಾಗಾಗಿ ಆ ಎತ್ತರಕ್ಕೆ ನಿಯಮದ ಮಿತಿಯಿದೆ. ಇನ್ನು ಕಂಪನಿ ಈ ಎಂಜಿನ್ನಿಗೆ ಹೇಳಿದ್ದ ವೇಗ ನಿಮಿಷಕ್ಕೆ 1450 ಸುತ್ತು. ಆಸೆಪಟ್ಟು ಅದನ್ನು ಬಹಳ ಏರಿಸಿದರೆ ಎಪ್ಪತ್ತು ವರ್ಷದ ಎರಕದ ಫ್ಲೈವೀಲ್ ಸಿಡಿದು ಚಾಲಕನ ಕಾಲಿಗೆ ಬರಬಹುದು. ಒಂದು ಸಾಲು ಕೋಡ್ ಬದಲಿಸಿ ಹತ್ತು ಕಡೆ ತೊಂದರೆ ಎದುರಿಸಿದ ಯಾವ ಐಟಿಯವನಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಶೆಡ್ಡಿನ ಆಚೆ ಬದಿಯಲ್ಲಿ ಮೊಮ್ಮಗನ ಬೂದು ಬಣ್ಣದ ಫೋರ್ಡ್ 8ಎನ್ ನಿಂತಿತ್ತು. ಅದು 1947ರಿಂದ 1952ರವರೆಗಿನ ಪುಟ್ಟ ಮಾದರಿ. ಎರಡು ಲೀಟರಿನ ಎಂಜಿನ್, ಹೆಚ್ಚೆಂದರೆ 27 ಅಶ್ವಶಕ್ತಿ. ಹುಡುಗ ಅದಕ್ಕೆ ವಿ-8 ಕೂರಿಸುತ್ತಿದ್ದ. ಇದಕ್ಕೂ ಇತಿಹಾಸವಿದೆ. 1940ರ ದಶಕದ ಕೊನೆಯಲ್ಲಿ ಕಾನ್ಸಾಸ್‌ನ ಕಾಫಿವಿಲ್‌ನಲ್ಲಿ ಸಣ್ಣ ವಿಮಾನ ಮಾಡುತ್ತಿದ್ದ ಫಂಕ್ ಅವಳಿ ಸೋದರರು, ಇದೇ ಫೋರ್ಡಿಗೆ ಆರು ಸಿಲಿಂಡರಿನ ಅಥವಾ ವಿ-8 ಎಂಜಿನ್ ಜೋಡಿಸುವ ಸಾಮಾನುಗಳನ್ನು ಮಾಡಿ ಮಾರಿದರು. ಅದು ಸ್ಪರ್ಧೆಗಲ್ಲ, ಉಳುಮೆಗೆ ಬಲ ಸಾಲದ ರೈತರಿಗಾಗಿ.

ಕಷ್ಟವೇನೆಂದರೆ, ಫಾರ್ಮಾಲಿನಲ್ಲಿ ಎಂಜಿನ್ನಿನ ಎರಡೂ ಬದಿಗೆ ಚೌಕಟ್ಟಿದೆ. ಫೋರ್ಡಿನಲ್ಲಿ ಚೌಕಟ್ಟೇ ಇಲ್ಲ. ಎಂಜಿನ್ನೇ ಅದರ ಬೆನ್ನುಮೂಳೆ. ಮುಂದಿನ ಆಕ್ಸಲ್ ಅದಕ್ಕೇ ನೇತುಬಿದ್ದಿದೆ. ಎಂಜಿನ್ ತೆಗೆದರೆ ಟ್ರ್ಯಾಕ್ಟರ್ ಎರಡು ತುಂಡು. ಬೇರೆಯದನ್ನು ಇಡಬೇಕಾದರೆ ಬೆಸುಗೆ ಹಾಕಿ ಹೊಸ ಚೌಕಟ್ಟು ಕಟ್ಟಬೇಕು, ಬಾನೆಟ್ ಎತ್ತರಿಸಬೇಕು.

ಅಜ್ಜ ಮೊಮ್ಮಗನ ಜಗಳ ಇರುವುದೂ ಇಲ್ಲೇ. ಅಜ್ಜನದು ಒಂದೇ ನಿಯಮ: ಬಿಚ್ಚಿದ್ದನ್ನು ಮತ್ತೆ ಹಾಕುವಂತಿರಬೇಕು. ಬೋಲ್ಟ್ ತೆಗೆಯಬಹುದು, ಗ್ಯಾಸ್ ಕಟ್ಟರ್ ಮುಟ್ಟುವಂತಿಲ್ಲ. ನಾವು ಅದನ್ನೇ ರೋಲ್‌ಬ್ಯಾಕ್ ಅನ್ನುತ್ತೇವೆ. "ಟ್ರ್ಯಾಕ್ಟರಿನ ನಂಬರ್ ಎಲ್ಲಿದೆ ನೋಡು" ಎಂದು ಮಾವ ಫಾರ್ಮಾಲಿನ ಕ್ಲಚ್ ಹೌಸಿಂಗ್ ಮೇಲಿನ ಲೋಹದ ಪಟ್ಟಿ ತೋರಿಸಿದರು. "ಎಂಜಿನ್ ಯಾವುದಿದ್ದರೂ ಇದು ನಮ್ಮಪ್ಪ ಕೊಂಡ ಟ್ರ್ಯಾಕ್ಟರೇ." ಫೋರ್ಡಿನಲ್ಲಿ ನಂಬರ್ ಒತ್ತಿರುವುದು ಎಂಜಿನ್ ಬ್ಲಾಕ್ ಮೇಲೆ. "ಇವನು ಬ್ಲಾಕ್ ತೆಗೆದ ದಿನ ಅದು ಹೆಸರಿಲ್ಲದ್ದಾಯಿತು." ಮೊಮ್ಮಗ ನಕ್ಕ. "ಹೆಸರಿಟ್ಟುಕೊಂಡು ಶೆಡ್ಡಿನಲ್ಲಿ ತುಕ್ಕು ಹಿಡಿಯುವುದಕ್ಕಿಂತ ಮೈದಾನಕ್ಕೆ ಹೋಗುವುದು ಒಳ್ಳೆಯದಲ್ಲವಾ ಅಜ್ಜ?" ಎಂದ. ಇಬ್ಬರ ಮಾತೂ ನನಗೆ ಸರಿಯೆನಿಸಿತು.

ಎರಡು ವಾರದ ನಂತರ ಪಕ್ಕದ ಕೌಂಟಿಯ ಜಾತ್ರೆಯಲ್ಲಿ ಮಾವನ ಸರದಿ. ಹಳೇ ಟ್ರ್ಯಾಕ್ಟರುಗಳ ಈ ಸ್ಪರ್ಧೆ ಬೇರೆಯೇ ಲೋಕ. ಹೊಗೆ ಕಂಬವಿಲ್ಲ, ಕಿವಿಗೆ ಬಿರಡೆ ಬೇಕಿಲ್ಲ. ವೇಗಕ್ಕೂ ಮಿತಿ, ಮನುಷ್ಯ ನಡೆಯುವಷ್ಟೇ. ಒಂದು ವರ್ಗದಲ್ಲಿ ಹುಟ್ಟು ಎಂಜಿನ್ನೇ ಇರಬೇಕು, ಇನ್ನೊಂದರಲ್ಲಿ ಅದೇ ಕಂಪನಿಯದಾದರೆ ಸಾಕು, ಮೂರನೆಯದರಲ್ಲಿ ಏನಾದರೂ ಇಟ್ಟುಕೊಳ್ಳಿ. ಮಾವ ಎರಡನೆಯದರಲ್ಲಿದ್ದರು. ಸ್ಲೆಡ್ಡಿನಿಂದ ಒಂದು ಹಗ್ಗವನ್ನು ಟ್ರ್ಯಾಕ್ಟರಿನ ಸ್ವಿಚ್ಚಿಗೆ ಕಟ್ಟಿದರು. ಸರಪಳಿ ಕಿತ್ತುಬಂದರೆ ಎಂಜಿನ್ ತಾನಾಗಿ ಬಂದ್. ಹಸಿರು ಬಾವುಟ ಎದ್ದಿತು. ಡಗ್ ಡಗ್ ಎಂದು ಒಂದೇ ದನಿಯಲ್ಲಿ ಹೊರಟ ಫಾರ್ಮಾಲು 200 ಅಡಿ ದಾಟಿತು, ಮೂತಿ ತುಸು ಎದ್ದಿತು, ದನಿ ಭಾರವಾಯಿತು. 268 ಅಡಿಯಲ್ಲಿ ಗಾಲಿ ನಿಂತಲ್ಲೇ ತಿರುಗತೊಡಗಿತು. ಎಂಜಿನ್ನಿನಲ್ಲಿ ಇನ್ನೂ ಶಕ್ತಿಯಿತ್ತು, ಮಣ್ಣು ಬಿಟ್ಟುಕೊಟ್ಟಿತು. ಮೂರನೇ ಸ್ಥಾನ.

"ಹಳೇ ಎಂಜಿನ್ನಿನಲ್ಲಿ ಹೋದ ವರ್ಷ ಇಪ್ಪತ್ತು ಅಡಿ ಕಡಿಮೆ ಬಂದಿತ್ತು" ಅಂದರು ಇಳಿದು ಬಂದ ಮಾವ. ಒಂದಿಡೀ ಚಳಿಗಾಲದ ಕೆಲಸಕ್ಕೆ ಇಪ್ಪತ್ತು ಅಡಿ. ಅವರ ಮುಖದಲ್ಲಿ ಯಾವ ಬೇಸರವೂ ಇರಲಿಲ್ಲ.

ಇದನ್ನೆಲ್ಲ ಇಷ್ಟು ಗಮನವಿಟ್ಟು ಕೇಳಲು ನನಗೆ ಕಾರಣವಿತ್ತು. ಅದೇ ತಿಂಗಳು ಊರಿಂದ ತಮ್ಮ ಫೋನ್ ಮಾಡಿದ್ದ. ಅಪ್ಪ ಸಾಲ ಮಾಡಿ ತಂದ ಟ್ರ್ಯಾಕ್ಟರು ಅವರು ಹೋದ ಮೇಲೆ ಮೂರು ವರ್ಷ ಬೇವಿನ ಮರದಡಿ ನಿಂತಿತ್ತು. "ಬ್ಲಾಕ್ ಬಿರುಕು ಬಿಟ್ಟೈತಿ ಅಂತ ಮೇಸ್ತ್ರಿ ಹೇಳ್ತಾನ ಅಣ್ಣ. ಗುಜರಿಯವ್ನು ನಲವತ್ತು ಸಾವಿರ ಕೊಡ್ತೀನಿ ಅಂದಾನ. ಏನ್ ಮಾಡ್ಲಿ?" ಆಗ ನಾನು ಉತ್ತರ ಹೇಳಿರಲಿಲ್ಲ.

ನಮ್ಮದೂ ಫೋರ್ಡಿನ ಜಾತಿಯೇ, ಎಂಜಿನ್ನೇ ಬೆನ್ನುಮೂಳೆ. ನಂಬರಿನ ವಿಷಯದಲ್ಲಿ ಮಾತ್ರ ನಮ್ಮ ದೇಶ ನಡುದಾರಿ ಹಿಡಿದಿದೆ. ಆರ್‌ಸಿಯಲ್ಲಿ ಚಾಸಿ ನಂಬರೂ ಇದೆ, ಎಂಜಿನ್ ನಂಬರೂ ಇದೆ. ಎಂಜಿನ್ ಬದಲಿಸುವುದಾದರೆ ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ಬರೆಸಬೇಕು. ಜಾತ್ರೆ ಮುಗಿದ ರಾತ್ರಿ ತಮ್ಮನಿಗೆ ಫೋನ್ ಮಾಡಿ, ಮಾರಬೇಡ, ಅದೇ ಕಂಪನಿಯ ಎಂಜಿನ್ ಹುಡುಕೋಣ ಎಂದೆ. ಅಪ್ಪನ ಎಂಜಿನ್ ತೆಗೆದರೆ ಅವ್ವ ನೊಂದುಕೊಂಡಾಳೆ ಎಂಬ ಅಳುಕು ಇಬ್ಬರಿಗೂ ಇತ್ತು. ಪಕ್ಕದಲ್ಲೇ ಇದ್ದ ಅವ್ವ ಫೋನ್ ಇಸಿದುಕೊಂಡಳು. "ನಿಮ್ಮಪ್ಪ ಯಾವತ್ತರ ಎಂಜಿನ್ ಬಿಚ್ಚಿ ನೋಡ್ಯಾರೇನು? ಅವರ ಕೈ ಇದ್ದದ್ದು ಸ್ಟೇರಿಂಗ್ ಮ್ಯಾಲೆ. ಹೊಲಕ್ಕ ಹೋಗಂಗ ಮಾಡ್ರಿ ಸಾಕು" ಅಂದಳು.

ಸಿಂಧನೂರಿನಲ್ಲಿ ಅಪಘಾತವಾಗಿ ಮೂಲೆ ಸೇರಿದ್ದ ಅದೇ ಮಾದರಿಯ ಟ್ರ್ಯಾಕ್ಟರೊಂದು ಸಿಕ್ಕಿತು. ಕೂರಿಸಲು ಮೇಸ್ತ್ರಿಗೆ ಒಂಬತ್ತು ದಿನ, ಕಾಗದಪತ್ರಕ್ಕೆ ಎರಡು ತಿಂಗಳು ಹಿಡಿಯಿತು. ಗ್ಯಾಸ್ ಕಟ್ಟರ್ ಮುಟ್ಟಿಲ್ಲ. ಹಳೇ ಬ್ಲಾಕ್ ದನದ ಕೊಟ್ಟಿಗೆಯ ಮೂಲೆಯಲ್ಲಿ ಗೋಣಿಚೀಲ ಹೊದ್ದು ಕೂತಿದೆ. ಜಾಗ ಸಾಲದೆಂದು ತಮ್ಮ ವಾರಕ್ಕೊಮ್ಮೆ ಗೊಣಗುತ್ತಾನೆ, ಗುಜರಿಯವನಿಗೆ ಮಾತ್ರ ಇನ್ನೂ ಕೊಟ್ಟಿಲ್ಲ.